ಹೃದಯಕ್ಕೆ ಬಿಡುವು ಕೊಡುವ ಯಂತ್ರ

ಎದೆಯ ಬಡಿತ ನಿಂತರೆ ಬದುಕು ಮುಗಿಯಿತೆಂಬುದು ಲೋಕರೂಢಿಯ ಮಾತು. ಆದರೆ ಇಂದಿನ ಶಸ್ತ್ರವೈದ್ಯರು ಹೃದಯವನ್ನು ಬೇಕೆಂದೇ ನಿಲ್ಲಿಸುತ್ತಾರೆ. ಅದರ ಕವಾಟವನ್ನೋ ರಕ್ತನಾಳವನ್ನೋ ಸರಿಪಡಿಸಿ ಮತ್ತೆ ಮಿಡಿಯುವಂತೆ ಮಾಡುತ್ತಾರೆ. ಆ ಹೊತ್ತಿನಲ್ಲಿ ರೋಗಿಯ ಪ್ರಾಣವನ್ನು ಹಿಡಿದಿಟ್ಟಿರುವುದು ಪಕ್ಕದಲ್ಲಿರುವ ಹೃದಯ-ಶ್ವಾಸಕೋಶ ಯಂತ್ರ.

ಈ ಯಂತ್ರದ ಕಲ್ಪನೆ ಮೂಡಿದ್ದು ಒಂದು ಮರಣಶಯ್ಯೆಯ ಬಳಿ. 1930ರ ದಶಕದ ಆರಂಭದಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ, ಜಾನ್ ಗಿಬ್ಬನ್ ಎಂಬ ತರುಣ ವೈದ್ಯರು ರಾತ್ರಿಯಿಡೀ ಒಬ್ಬ ಮಹಿಳೆಯ ನಾಡಿ ನೋಡುತ್ತ ಕುಳಿತಿದ್ದರು. ಹೆಪ್ಪುಗಟ್ಟಿದ ರಕ್ತ ಆಕೆಯ ಶ್ವಾಸಕೋಶಕ್ಕೆ ಹೋಗುವ ನಾಳವನ್ನು ಅಡ್ಡಗಟ್ಟಿತ್ತು. ಕೊನೆಗೆ ಶಸ್ತ್ರಕ್ರಿಯೆ ನಡೆಯಿತಾದರೂ ಆಕೆ ಉಳಿಯಲಿಲ್ಲ. ಕಪ್ಪಿಟ್ಟ ಆ ರಕ್ತವನ್ನು ಹೊರತೆಗೆದು, ಆಮ್ಲಜನಕ ಕೊಟ್ಟು, ಮತ್ತೆ ದೇಹಕ್ಕೆ ಸೇರಿಸುವಂತಿದ್ದರೆ? ಈ ಪ್ರಶ್ನೆ ಗಿಬ್ಬನ್ನರನ್ನು ಬಿಡಲಿಲ್ಲ. ಪತ್ನಿ ಮೇರಿಯವರ ನೆರವಿನಿಂದ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದರು. ಸುಮಾರು ಇಪ್ಪತ್ತು ವರ್ಷ ಶ್ರಮಿಸಿದರು. 1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ 18 ವರ್ಷದ ತರುಣಿಯೊಬ್ಬಳ ಹೃದಯದ ಗೋಡೆಯಲ್ಲಿದ್ದ ರಂಧ್ರವನ್ನು ಮುಚ್ಚಿದಾಗ, 26 ನಿಮಿಷಗಳ ಕಾಲ ಹೃದಯ ಹಾಗೂ ಶ್ವಾಸಕೋಶಗಳ ಕೆಲಸವನ್ನೆಲ್ಲ ಯಂತ್ರವೇ ನಡೆಸಿತು. ಆಕೆ ಗುಣಹೊಂದಿದಳು. ಆದರೆ ಅನಂತರದ ರೋಗಿಗಳು ಬದುಕಲಿಲ್ಲ. ಮನನೊಂದ ಗಿಬ್ಬನ್ನರು ಅಂಥ ಶಸ್ತ್ರಕ್ರಿಯೆಯನ್ನೇ ಬಿಟ್ಟರು. 1955ರಲ್ಲಿ ಮೇಯೋ ಕ್ಲಿನಿಕ್ಕಿನ ಜಾನ್ ಕರ್ಕ್ಲಿನ್ನರು ಆ ಯಂತ್ರವನ್ನು ಸುಧಾರಿಸಿ ಕೆಲಸವನ್ನು ಮುಂದುವರಿಸಿದರು.

ಯಂತ್ರದ ತತ್ತ್ವ ಸರಳ. ಹೃದಯಕ್ಕೆ ಮರಳುವ ರಕ್ತವನ್ನು ಕೊಳವೆಗಳು ಹೊರಗೆ ತರುತ್ತವೆ; ತೆಳುವಾದ ಪೊರೆಗಳ ನಡುವೆ ಅದು ಆಮ್ಲಜನಕವನ್ನು ಪಡೆಯುತ್ತದೆ; ಪಂಪು ಅದನ್ನು ಮಹಾಪಧಮನಿಗೆ ಒತ್ತುತ್ತದೆ. ಪರವಸ್ತುವನ್ನು ಮುಟ್ಟಿದೊಡನೆ ಹೆಪ್ಪುಗಟ್ಟುವುದು ರಕ್ತದ ಸ್ವಭಾವವಾದುದರಿಂದ ಮೊದಲೇ ಹೆಪಾರಿನ್ ಎಂಬ ಔಷಧವನ್ನು ಕೊಡುತ್ತಾರೆ; ಎಲ್ಲ ಮುಗಿದ ಮೇಲೆ ಪ್ರೋಟಮಿನ್ ಕೊಟ್ಟು ಅದರ ಪ್ರಭಾವವನ್ನು ತೆಗೆಯುತ್ತಾರೆ. ಯಂತ್ರವನ್ನು ನಡೆಸುವ ಪರ್ಫ್ಯೂಷನಿಸ್ಟರು ಅದನ್ನು ಚಾಲನೆ ಮಾಡುವ ಮುನ್ನ ಕೊಳವೆ, ಔಷಧ, ಆಮ್ಲಜನಕ ಮುಂತಾದುವನ್ನು ಒಂದು ಪಟ್ಟಿಯಂತೆ ಒಂದೊಂದಾಗಿ ಪರೀಕ್ಷಿಸುತ್ತಾರೆ.

ತತ್ತ್ವ ಸರಳವಾದರೂ ಆಚರಣೆ ಸೂಕ್ಷ್ಮ. ರಕ್ತವನ್ನು ಎಷ್ಟು ತಣಿಸಬೇಕು? ಪರರ ರಕ್ತವನ್ನು ಯಾವಾಗ ಕೊಡಬೇಕು? ಬಹುಕಾಲ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದುದು ಗುರುಪರಂಪರೆಯ ರೂಢಿ. ಆ ರೂಢಿಯನ್ನೇ ಒರೆಗೆ ಹಚ್ಚಿದಾಗ ಹೊರಬಿದ್ದ ಸಂಗತಿಗಳು ಅಚ್ಚರಿಯವು.

ಯಂತ್ರದ ಸಂಪರ್ಕದಿಂದ ದೇಹದಲ್ಲಿ ಉರಿಯೂತವೇಳುತ್ತದೆ. ಅದನ್ನು ಅಡಗಿಸಲು ಸ್ಟೀರಾಯ್ಡ್ ಔಷಧಗಳನ್ನು ದಶಕಗಳ ಕಾಲ ಕೊಡುತ್ತ ಬಂದರು. ತರ್ಕಕ್ಕೆ ಅದು ಸರಿಯಾಗಿಯೇ ಕಾಣುತ್ತಿತ್ತು. ಕೊನೆಗೆ 18 ದೇಶಗಳ 7,507 ರೋಗಿಗಳನ್ನು, ಚೀಟಿ ಎತ್ತಿದಂತೆ, ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಬರಿಯ ದ್ರವ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ಚಿಕಿತ್ಸಕರಿಗೂ ತಿಳಿಯದು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು: ಔಷಧದಿಂದ ಸಾವು ಕಡಿಮೆಯಾಗಿರಲಿಲ್ಲ.

ರಕ್ತದಾನದ ವಿಷಯವೂ ಹೀಗೆಯೇ. ಹಿಮೋಗ್ಲೋಬಿನ್ 100 ಮಿಲಿಲೀಟರಿಗೆ 7.5 ಗ್ರಾಮಿಗಿಂತ ಇಳಿದಾಗ ಮಾತ್ರ ರಕ್ತ ಕೊಟ್ಟರೂ, ಧಾರಾಳವಾಗಿ ಕೊಟ್ಟುದಕ್ಕಿಂತ ಕೆಡುಕೇನೂ ಆಗದೆಂದು ಸುಮಾರು 5,000 ರೋಗಿಗಳ ಪರೀಕ್ಷೆ 2017ರಲ್ಲಿ ತೋರಿಸಿತು. ತಣಿಸಿದ ದೇಹವನ್ನು ಮತ್ತೆ ಬೆಚ್ಚಗಾಗಿಸುವಾಗ ಆತುರ ಸಲ್ಲದು. ಮಿದುಳಿಗೆ ಅಪಾಯವಾಗದಂತೆ ಯಂತ್ರದಿಂದ ಹೊರಡುವ ರಕ್ತ 37 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿರಬೇಕೆಂಬುದು ಇಂದಿನ ನಿಯಮ.

ಯಂತ್ರವೂ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ಹೃದಯದ ರಕ್ತನಾಳಗಳಿಗೆ ಬದಲಿ ದಾರಿ ಜೋಡಿಸುವ ಶಸ್ತ್ರಕ್ರಿಯೆಯನ್ನು ಮಿಡಿಯುವ ಹೃದಯದ ಮೇಲೆಯೇ, ಯಂತ್ರವಿಲ್ಲದೆ, ಮಾಡಬಹುದು. ಅದೇ ಮೇಲೆಂದು ಹಲವರು ವಾದಿಸಿದರು. ಭಾರತವೂ ಸೇರಿ 19 ದೇಶಗಳ 4,752 ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ ಐದು ವರ್ಷ ಗಮನಿಸಿದರು. ಸಾವು, ಪಾರ್ಶ್ವವಾಯು, ಹೃದಯಾಘಾತಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು 2016ರಲ್ಲಿ ತಿಳಿಯಿತು.

ಶಸ್ತ್ರಶಾಲೆಯ ಬಾಗಿಲಾಚೆ ಕೈಮುಗಿದು ಕುಳಿತ ಬಂಧುಗಳಿಗೆ ಈ ಅಂಕಿಗಳು ಕಾಣುವುದಿಲ್ಲ. ಆದರೆ ಒಳಗೆ ಮಲಗಿರುವವರನ್ನು ಕಾಯುತ್ತಿರುವ ವೈದ್ಯರ ಕೈಚಳಕದ ಜೊತೆಗೆ, ಅವರಿಗಿಂತ ಮೊದಲು ಅದೇ ಮೇಜಿನ ಮೇಲೆ ಮಲಗಿ, ಪರೀಕ್ಷೆಗೆ ಒಪ್ಪಿದ ಸಾವಿರಾರು ಅಪರಿಚಿತರ ಋಣವೂ ಅಲ್ಲಿದೆ.