ಅಂಗೈಗೆ ತಿಳಿಯುವ ದಾರಿ

ಕಾರಿನ ಗುಣವನ್ನು ಎಂಜಿನ್ನಿನ ಶಕ್ತಿಯಿಂದಲೇ ಅಳೆಯುವುದು ಲೋಕರೂಢಿ. ಆದರೆ ಕಾರು ಚಾಲಕನ ವಶದಲ್ಲಿರುವುದೂ ಅವನ ಕೈಮೀರುವುದೂ ಬಹುಮಟ್ಟಿಗೆ ಸ್ಟಿಯರಿಂಗ್ ಮತ್ತು ಚಾಸಿ, ಎಂದರೆ ಅಡಿಯ ಚೌಕಟ್ಟು, ಇವೆರಡರಿಂದ.

ಹಳೆಯ ನಾಲ್ಕು ಚಕ್ರದ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ಹೊರಳುತ್ತಿತ್ತು. ತೀವ್ರವಾದ ತಿರುವಿನಲ್ಲಿ ಆಸರೆ ಕಿರಿದಾಗಿ ಗಾಡಿ ಮಗುಚುವ ಭಯವಿತ್ತು. ಮ್ಯೂನಿಕ್ಕಿನ ಲಾಂಕೆನ್‌ಸ್ಪೆರ್ಗರ್ ಎಂಬ ಗಾಡಿ ತಯಾರಕನು ಅಚ್ಚನ್ನು ಸ್ಥಿರವಾಗಿರಿಸಿ, ಚಕ್ರಗಳೆರಡೂ ತಂತಮ್ಮ ಗೂಟದ ಮೇಲೆ ಹೊರಳುವಂತೆ ಮಾಡಿದನು. 1818ರಲ್ಲಿ ಲಂಡನ್ನಿನ ರುಡಾಲ್ಫ್ ಆಕರ್‌ಮನ್ ಅದಕ್ಕೆ ಪೇಟೆಂಟ್ ಪಡೆದನು. ಹೆಸರೂ ಅವನದೇ ಉಳಿಯಿತು. ತಿರುವಿನಲ್ಲಿ ಒಳಚಕ್ರದ ವೃತ್ತ ಚಿಕ್ಕದು. ಆದ್ದರಿಂದ ಕಾರಿನ ಒಳಚಕ್ರ ತುಸು ಹೆಚ್ಚು ಹೊರಳಬೇಕು. ಇಲ್ಲವಾದರೆ ಟೈರು ನೆಲವನ್ನು ಉಜ್ಜುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸೈಕಲ್ಲಿನಲ್ಲಿರುವಂತೆ ಕಾರಿನಲ್ಲಿಯೂ ಮುಂಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುತ್ತದೆ. ಓಡುವ ಚಕ್ರ ತಾನಾಗಿ ನೇರಕ್ಕೆ ಮರಳಲೆಳಸುವುದಕ್ಕೆ ಇದೂ ಒಂದು ಕಾರಣ. ಆ ಎಳೆತವೇ ರಸ್ತೆಯು ಅಂಗೈಗೆ ಕಳುಹಿಸುವ ಸಂದೇಶ. ಮಳೆಯಲ್ಲಿ ಚಕ್ರ ಜಾರುವ ಮುನ್ನವೇ ಸ್ಟಿಯರಿಂಗ್ ಹಗುರಾಗುತ್ತದೆ. ಅದನ್ನರಿತವನು ವೇಗವನ್ನು ತಗ್ಗಿಸಿ ಅಪಾಯದಿಂದ ಪಾರಾಗುತ್ತಾನೆ.

ಈ ಸಂದೇಶ ನಿಜವಾಗಿರಬೇಕಾದರೆ ಚಾಸಿ ತಿರುಚಿಕೊಳ್ಳಬಾರದು. ಅದು ತಿರುಚಿದರೆ ಚಕ್ರಗಳ ಕೋನಗಳೂ ಕದಲಿ, ಕೈಯ ಆಜ್ಞೆ ತಡವಾಗಿ ತಲುಪುತ್ತದೆ. 1922ರಲ್ಲಿ ಬೆಳಕಿಗೆ ಬಂದ ಇಟಲಿಯ ಲಾನ್ಸಿಯಾ ಲ್ಯಾಂಬ್ಡಾ ಕಾರು ಒಡಲನ್ನೂ ಚೌಕಟ್ಟನ್ನೂ ಒಂದಾಗಿಸಿ ಈ ದೃಢತೆಯ ದಾರಿಯನ್ನು ತೋರಿತು.

ಇಂದು ವಿದ್ಯುತ್ ಮೋಟಾರು ಸ್ಟಿಯರಿಂಗಿನ ಭಾರವನ್ನು ಹೊರುತ್ತದೆ. ತೋಳಿಗೆ ಇದು ಉಪಕಾರವೇ ಸರಿ. ಆದರೆ ಭಾರದೊಡನೆ ರಸ್ತೆಯ ಎಚ್ಚರಿಕೆಯೂ ಅಳಿಸಿಹೋಗದಂತೆ ನೋಡಿಕೊಳ್ಳುವುದು ತಂತ್ರಜ್ಞನ ವಿವೇಕಕ್ಕೆ ಬಿಟ್ಟದ್ದು.