ಹಾಲುತೊಂಡೆಗೆ ಹುಳುವಿನೊಳಗೇ ತಡೆ

ಹಾಲುತೊಂಡೆ ಎಂದರೆ ರೇಷ್ಮೆ ಬೆಳೆಗಾರರ ಎದೆ ನಡುಗುತ್ತದೆ. ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಹೊಟ್ಟೆಬಾಕರಂತೆ ಸೊಪ್ಪು ಮೇಯಬೇಕಾದ ಹುಳುಗಳು ಮೇವು ಬಿಟ್ಟು ತಟ್ಟೆಯ ಅಂಚು ಹಿಡಿದು ಅಲೆಯತೊಡಗುತ್ತವೆ. ಮೈ ಊದಿಕೊಂಡು ಹೊಳೆಯುತ್ತದೆ. ಚರ್ಮ ಒಡೆದು ಹಾಲಿನಂಥ ರಸ ಸೋರುತ್ತದೆ. ಆ ರಸ ತಗುಲಿದ ಸೊಪ್ಪು ತಿಂದ ಹುಳುವಿಗೂ ಅದೇ ಗತಿ. ಸೊಪ್ಪು, ಆಳು, ನಿದ್ದೆ ಎಲ್ಲವನ್ನೂ ಸುರಿದಾಗಿದೆ, ಇನ್ನೇನು ಚಂದ್ರಿಕೆಗೆ ಬಿಡಬೇಕು ಎನ್ನುವ ಹೊತ್ತಿಗೆ ಬೆಳೆ ಕೈತಪ್ಪುತ್ತದೆ.

ಇದಕ್ಕೆ ಕಾರಣ ಬ್ಯಾಕ್ಯುಲೋವೈರಸ್ ಗುಂಪಿನ ಒಂದು ವೈರಸ್. ಒಮ್ಮೆ ಹುಳುವಿನ ಮೈಹೊಕ್ಕರೆ ಅದಕ್ಕೆ ಮದ್ದಿಲ್ಲ. ಹುಳು ಮನೆಯನ್ನು ಬ್ಲೀಚಿಂಗ್ ಪುಡಿಯಿಂದ ತೊಳೆಯುವುದು, ಸುಣ್ಣ ಎರಚುವುದು, ಸೋಂಕಿನ ಹುಳು ಆರಿಸಿ ಸುಡುವುದು ಇಂಥವೇ ರೈತರ ಕೈಲಿರುವ ಉಪಾಯ. ಹಾಗಾದರೆ ವೈರಸ್ಸನ್ನು ತಡೆಯುವ ಶಕ್ತಿಯನ್ನು ಹುಳುವಿಗೇ ಕೊಡಲು ಸಾಧ್ಯವೇ? ಹೈದರಾಬಾದಿನ ಸಿಡಿಎಫ್‌ಡಿ ಪ್ರಯೋಗಾಲಯದಲ್ಲಿ ವಿಜ್ಞಾನಿ ಜೆ. ನಾಗರಾಜು ಮತ್ತು ಸಂಗಡಿಗರು ಈ ಪ್ರಶ್ನೆಯ ಬೆನ್ನುಹತ್ತಿದರು. ಅವರು ಕಂಡುಕೊಂಡ ಉತ್ತರ ಕುಲಾಂತರಿ ರೇಷ್ಮೆಹುಳು.

ಮೊಟ್ಟೆಯೊಳಗೆ ಸೂಜಿ

ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದರ ಡಿಎನ್‌ಎಯಲ್ಲಿ ಸೇರಿಸಿ, ಅದು ಮರಿಯಿಂದ ಮರಿಗೆ ಇಳಿದುಬರುವಂತೆ ಮಾಡಿದರೆ ಆ ಪ್ರಾಣಿ ಕುಲಾಂತರಿ. ಇಲಿಯಲ್ಲಿ ಇದು 1980ರ ದಶಕದ ಆರಂಭದಲ್ಲೇ ಸಾಧ್ಯವಾಗಿತ್ತು. 1982ರಲ್ಲಿ ಅಮೆರಿಕದ ರಿಚರ್ಡ್ ಪಾಮಿಟರ್ ಮತ್ತು ರಾಲ್ಫ್ ಬ್ರಿನ್‌ಸ್ಟರ್ ತಂಡ ಹೆಗ್ಗಣದ ಬೆಳವಣಿಗೆಯ ಹಾರ್ಮೋನ್ ವಂಶವಾಹಿಯನ್ನು ಇಲಿಯ ಭ್ರೂಣಕ್ಕೆ ಸೇರಿಸಿ ದೈತ್ಯ ಇಲಿಗಳನ್ನು ಹುಟ್ಟಿಸಿತು. ರೇಷ್ಮೆಹುಳು ಮಾತ್ರ 2000ದವರೆಗೆ ಕಾಯಿಸಿತು. ಆ ವರ್ಷ ಜಪಾನಿನ ತೋಶಿಕಿ ತಮುರಾ ಮತ್ತು ಅವರ ಜೊತೆಗಾರರು ಗೆದ್ದರು.

ತೊಡಕಿದ್ದುದು ಮೊಟ್ಟೆಯಲ್ಲಿ. ಚಿಪ್ಪು ಗಟ್ಟಿ, ಗಾಜಿನ ಸೂಜಿ ಮುರಿಯುತ್ತದೆ. ಹಾಗಾಗಿ ಮೊದಲು ಟಂಗ್‌ಸ್ಟನ್ ಸೂಜಿಯಿಂದ ಸಣ್ಣ ತೂತು ಕೊರೆದು, ಅದೇ ತೂತಿನಲ್ಲಿ ಕೂದಲೆಳೆಯಂಥ ಗಾಜಿನ ನಳಿಗೆ ತೂರಿಸಿ ಡಿಎನ್‌ಎ ದ್ರವ ಬಿಟ್ಟು, ಅಂಟಿನಿಂದ ತೂತು ಮುಚ್ಚುತ್ತಾರೆ. ಇದೆಲ್ಲ ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ಆಗ ಮೊಟ್ಟೆಯೊಳಗೆ ಕೋಶಕೇಂದ್ರಗಳು ಒಡೆದು ಹೆಚ್ಚುತ್ತಿರುತ್ತವೆ, ನಡುವೆ ಕೋಶಪೊರೆ ಮೂಡಿರುವುದಿಲ್ಲ. ಪೊರೆ ಮೂಡಿದ ಮೇಲೆ ಡಿಎನ್‌ಎಗೆ ಒಳಹೋಗುವುದು ಕಷ್ಟ.

ಹೊಸ ವಂಶವಾಹಿಯನ್ನು ಹೊತ್ತೊಯ್ಯುವುದು ‘ಪಿಗ್ಗಿಬ್ಯಾಕ್’ ಎಂಬ ಜಿಗಿಯುವ ಡಿಎನ್‌ಎ ತುಣುಕು. ಎಲೆಕೋಸು ತಿನ್ನುವ ಒಂದು ಪತಂಗದಲ್ಲಿ ಅದು ಮೊದಲು ಸಿಕ್ಕಿತು. ಜಿಗಿಯಲು ಬೇಕಾದ ಕಿಣ್ವವನ್ನು ಬೇರೆಯಾಗಿ ಕೊಡುತ್ತಾರೆ. ಕಿಣ್ವ ಕೆಲಸ ಮುಗಿಸಿ ಕರಗಿಹೋದ ಮೇಲೆ ಸೇರಿದ ವಂಶವಾಹಿ ಸೇರಿದಲ್ಲೇ ನೆಲೆಯೂರುತ್ತದೆ. ಜೊತೆಗೊಂದು ಗುರುತನ್ನೂ ಸೇರಿಸಿರುತ್ತಾರೆ: ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಕಣ್ಣು. ಸೂಜಿ ಚುಚ್ಚಿಸಿಕೊಂಡ ಪೀಳಿಗೆಯನ್ನು ಬೆಳೆಸಿ, ಅದರ ಮರಿಗಳಲ್ಲಿ ಕಣ್ಣು ಹೊಳೆಯುವವನ್ನು ಮಾತ್ರ ಆರಿಸುತ್ತಾರೆ.

ವೈರಸ್ಸಿನ ಸಂದೇಶಕ್ಕೆ ಕತ್ತರಿ

ಹೈದರಾಬಾದಿನ ತಂಡ ಹುಳುವಿಗೆ ಸೇರಿಸಿದ್ದು ವೈರಸ್ಸಿನದೇ ಕೆಲವು ವಂಶವಾಹಿಗಳಿಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ತಯಾರಿಸುವ ಸೂಚನೆ. ಹುಳುವಿನ ಜೀವಕೋಶ ಆ ಜೋಡಿ ಎಳೆಯನ್ನು ಚೂರು ಮಾಡಿ ಇಟ್ಟುಕೊಳ್ಳುತ್ತದೆ. ವೈರಸ್ ಒಳಹೊಕ್ಕು ತನ್ನ ಸಂದೇಶ ಹೊರಡಿಸಿದೊಡನೆ ಅದಕ್ಕೆ ಹೊಂದುವ ಚೂರುಗಳು ಅದನ್ನು ಗುರುತಿಸಿ ಕತ್ತರಿಸಿಹಾಕುತ್ತವೆ. ಸಂದೇಶ ಹಾಳಾದರೆ ವೈರಸ್ ಹೆಚ್ಚಲಾರದು. ಒಂದೇ ವಂಶವಾಹಿಯನ್ನು ಗುರಿಮಾಡಿದರೆ ವೈರಸ್ ರೂಪ ಬದಲಿಸಿ ತಪ್ಪಿಸಿಕೊಳ್ಳಬಹುದು. ಅದಕ್ಕೇ ಈ ತಂಡ ಒಟ್ಟಿಗೆ ಹಲವನ್ನು ಗುರಿಯಾಗಿಸಿತು. ಫಲಿತಾಂಶ 2013ರಲ್ಲಿ ‘ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಗರಾಜು 2012ರ ಕೊನೆಯಲ್ಲಿ ತೀರಿಕೊಂಡಿದ್ದರು.

ಯಾರ ಕಷ್ಟಕ್ಕೆ?

ಕುಲಾಂತರಿ ವಿಧಾನದಿಂದಲೇ ಜಪಾನ್ ಹೊಳೆಯುವ ರೇಷ್ಮೆ ತೆಗೆದಿದೆ. 2017ರಲ್ಲಿ ಗುನ್ಮಾ ಪ್ರಾಂತ್ಯದ ರೈತರು ಸರ್ಕಾರದ ಒಪ್ಪಿಗೆಯಿಂದ ಆ ಹುಳುಗಳನ್ನು ತಮ್ಮ ಮನೆಗಳಲ್ಲೇ ಸಾಕಿದರು. ಅಮೆರಿಕ, ಚೀನಾಗಳಲ್ಲಿ ಜೇಡದ ನೂಲಿನ ಗಟ್ಟಿತನವುಳ್ಳ ರೇಷ್ಮೆಯ ಯತ್ನ ಸಾಗಿದೆ. ಅಮೆರಿಕದಲ್ಲಿ ಕುಲಾಂತರಿ ಮೇಕೆಯ ಹಾಲಿನಿಂದ ತೆಗೆದ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಕ್ಕೆ 2009ರಲ್ಲಿ ಮಾನ್ಯತೆ ಸಿಕ್ಕಿತು. ಅದೇ ದೇಶದ ಬೆಲ್ಟ್ಸ್‌ವಿಲ್‌ನಲ್ಲಿ 1980ರ ದಶಕದಲ್ಲಿ ಬೆಳವಣಿಗೆಯ ಹಾರ್ಮೋನ್ ವಂಶವಾಹಿ ಸೇರಿಸಿದ ಹಂದಿಗಳು ಕೀಲುನೋವು, ಹೊಟ್ಟೆಹುಣ್ಣುಗಳಿಂದ ನರಳಿದ್ದೂ ನಿಜ. ವಿಧಾನ ಒಂದೇ ಆದರೂ ಯಾರ ಕಷ್ಟಕ್ಕೆ, ಪ್ರಾಣಿಗೆ ಯಾವ ಬೆಲೆಗೆ ಎಂಬುದರಲ್ಲಿ ಒಳಿತು ಕೆಡುಕು ನಿಂತಿದೆ.

ಆ ಅಳತೆಗೋಲಿನಲ್ಲಿ ಹಾಲುತೊಂಡೆ ತಡೆಯುವ ಹುಳು ಮೊದಲ ಸಾಲಿಗೆ ಬರುತ್ತದೆ. ಇದರಿಂದ ಹುಳುವಿಗೆ ನೋವು ಹೆಚ್ಚುವುದಿಲ್ಲ, ನರಳಿ ಸಾಯುವುದು ತಪ್ಪುತ್ತದೆ. ಸಾವಿರಾರು ವರ್ಷ ಮನುಷ್ಯರ ಆಸರೆಯಲ್ಲಿ ಬಾಳಿದ ರೇಷ್ಮೆ ಚಿಟ್ಟೆ ಹಾರಲಾರದು. ಸೊಪ್ಪು ಹಾಕುವ ಕೈಯಿಲ್ಲದೆ ಹುಳು ಬದುಕಲಾರದು. ನೂಲು ಬಿಚ್ಚುವ ಗೂಡಿನಿಂದ ಚಿಟ್ಟೆ ಹೊರಬರುವುದೇ ಇಲ್ಲ. ಕಾಡಿಗೆ ತಪ್ಪಿಸಿಕೊಳ್ಳುವ ಭಯ ಇಷ್ಟು ಕಡಿಮೆ ಇರುವ ಸಾಕುಪ್ರಾಣಿ ಅಪರೂಪ. ಆದರೂ ಪರೀಕ್ಷೆಗಳನ್ನು ಬಿಡುವಂತಿಲ್ಲ. ಹುಳುವಿನ ಹಿಕ್ಕೆ ಗೊಬ್ಬರಕ್ಕೆ, ಪ್ಯೂಪಾ ಕೋಳಿ ಮೀನುಗಳ ಮೇವಿಗೆ ಹೋಗುತ್ತದೆ. ಆ ದಾರಿಯನ್ನೂ ಪರಿಶೀಲಿಸಿ, ಫಲಿತಾಂಶವನ್ನು ಬೆಳೆಗಾರರ ಮುಂದಿಡಬೇಕು.

ಇನ್ನೂ ದೊಡ್ಡ ಪ್ರಶ್ನೆ ಬಿತ್ತನೆಯದು. ನಮ್ಮ ರೈತರು ಸಾಕುವುದು ಹೆಚ್ಚಾಗಿ ಮೈಸೂರು ತಳಿ ಮತ್ತು ಸಿಎಸ್‌ಆರ್-2 ತಳಿಗಳ ಮಿಶ್ರಣ. ಮಿಶ್ರತಳಿಯಾದ್ದರಿಂದ ಪ್ರತಿ ಬೆಳೆಗೂ ಮೊಟ್ಟೆ ಹೊಸದಾಗಿ ಕೊಳ್ಳಲೇಬೇಕು. ರೋಗ ತಡೆಯುವ ವಂಶವಾಹಿ ಒಂದು ಕಂಪನಿಯ ಸೊತ್ತಾದರೆ ಮೊಟ್ಟೆಯ ಬೆಲೆಯೂ ಅದರ ಕೈಗೆ ಹೋಗುತ್ತದೆ. ಈ ಸಂಶೋಧನೆ ನಡೆದದ್ದು ಜನರ ತೆರಿಗೆ ಹಣದಲ್ಲಿ. ಹಾಗಾಗಿ ಅದರ ಫಲ ಸರ್ಕಾರಿ ಬಿತ್ತನೆ ಕೋಠಿಗಳ ಮೂಲಕವೇ ರೈತರಿಗೆ ತಲುಪಬೇಕು. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ಕರ್ನಾಟಕ. ಈ ಹುಳು ಬೇಕೇ ಬೇಡವೇ ಎಂಬ ಚರ್ಚೆ ದೆಹಲಿಯ ಸಮಿತಿ ಕೊಠಡಿಗಳಲ್ಲಷ್ಟೇ ನಡೆದರೆ ಸಾಲದು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಿಗೆ ಗೂಡು ತರುವವರು ಆ ಚರ್ಚೆಯಲ್ಲಿ ಕೂತಿರಬೇಕು. ಬೆಳೆ ಹೋದರೆ ನಷ್ಟ ಅವರದು. ತೀರ್ಮಾನದಲ್ಲೂ ಅವರ ಪಾಲಿರಲಿ.