ಹೌಸಿಂಗ್ ಒಳಗಿನ ಲೆಕ್ಕ

ಗುಂಡ್ಲುಪೇಟೆಯಲ್ಲಿ ಲಾರಿಗಳಿಗೆ ನಾಲ್ಕು ದಿಕ್ಕು. ನಂಜನಗೂಡು, ಮೈಸೂರಿನ ಕಡೆ ಬಯಲು ರಸ್ತೆ. ತೆರಕಣಾಂಬಿ ಹಾದರೆ ಚಾಮರಾಜನಗರ. ಬಂಡೀಪುರ ದಾಟಿದರೆ ಗೂಡಲೂರು, ಊಟಿ. ಮದ್ದೂರು ಚೆಕ್‌ಪೋಸ್ಟ್ ಕಡೆಯಿಂದ ಹೋದರೆ ಸುಲ್ತಾನ್ ಬತ್ತೇರಿ. ತರಕಾರಿ ಹೇರಿಕೊಂಡು ಕಲ್ಲಿಕೋಟೆಗೆ ಹೋದವರು ಬರುವಾಗ ತಾಮರಶ್ಶೇರಿ ಘಾಟಿಯ 9 ತಿರುವು ಹತ್ತಿ ಬರಬೇಕು. ಈ ದಾರಿಯೂ ಹಾಯುವ ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಘಾಟಿಯಲ್ಲಿ ಎಳೆಯಲಾರದೆ ತಡವಾದ ಲಾರಿಗೆ ಆ ರಾತ್ರಿ ಗೇಟಿನಾಚೆಯೇ ಗತಿ.

ಎಳೆತವೋ ವೇಗವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹಿಂದಿನ ಆಕ್ಸಲ್‌ನ ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ಹಾಕಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ. ಊರ ಅಂಚಿನ ಶೆಡ್ಡಿನಲ್ಲಿ ನಿಂತಿದ್ದ ಹಳೇ ಟಾಟಾ ಲಾರಿಯ ತೊಂದರೆಯೂ ಅದೇ. ಹಿಂದಿನ ಮಾಲೀಕರು ಗುಜರಿಯಿಂದ ತಂದ ಆಕ್ಸಲ್ ಹೌಸಿಂಗ್ ಕೂರಿಸಿದ್ದರು. ಈಗ ಅದರೊಳಗಿನ ಗೇರ್ ಜೋಡಿ, ಕ್ರೌನ್ ಪಿನಿಯನ್, ಸವೆದು ಊಳಿಡುತ್ತಿದೆ. ಹೊಸ ಸೆಟ್ ತರಬೇಕು, ಯಾವುದು? ಆರ್‌ಸಿ ಪುಸ್ತಕದಲ್ಲಿ ರೇಶಿಯೋ ಇರುವುದಿಲ್ಲ. ತಯಾರಕರ ತಗಡು ಇದ್ದರೂ ಬೇರೆ ಗಾಡಿಯ ಆಕ್ಸಲ್ ಕೂತಿರುವಾಗ ಅದನ್ನು ನಂಬುವಂತಿಲ್ಲ.

ಮೆಕ್ಯಾನಿಕ್ ಮುಂದಿನ ಚಕ್ರಗಳಿಗೆ ಭದ್ರವಾಗಿ ಅಡ್ಡ ಕೊಟ್ಟರು. ಹಿಂದಿನ ಎರಡು ಪಕ್ಕವನ್ನೂ ಜಾಕಿಯಲ್ಲಿ ಎತ್ತಿ ಸ್ಟ್ಯಾಂಡ್ ಇಟ್ಟ ಮೇಲೆಯೇ ಹ್ಯಾಂಡ್‌ಬ್ರೇಕ್ ಬಿಟ್ಟು ನ್ಯೂಟ್ರಲ್‌ಗೆ ಹಾಕಿಸಿದರು. ಇಲ್ಲಿ ಅವಸರ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಪ್ರೊಪೆಲ್ಲರ್ ಶಾಫ್ಟ್‌ನ ಫ್ಲ್ಯಾಂಜಿಗೂ ಚಕ್ರಕ್ಕೂ ಸೀಮೆಸುಣ್ಣದ ಗೆರೆ ಬಿತ್ತು. “ಎರಡು ಕಡೆನೂ ಒಟ್ಟಿಗೇ ತಿರುಗಿಸ್ಬೇಕು ಕಣಣ್ಣ” ಎಂದರು ಡ್ರೈವರಿಗೆ. ಒಂದು ಪಕ್ಕ ನೆಲದಲ್ಲೇ ನಿಂತಿದ್ದರೆ ಡಿಫರೆನ್ಶಿಯಲ್‌ನಿಂದಾಗಿ ಕ್ರೌನ್ ಅರ್ಧವಷ್ಟೇ ತಿರುಗುತ್ತದೆ. ಆಗ ಎತ್ತಿದ ಪಕ್ಕವನ್ನು ಎರಡು ಸುತ್ತು ತಿರುಗಿಸಿ ಒಂದೆಂದು ಲೆಕ್ಕ ಹಿಡಿಯಬೇಕು.

ಒಂದೇ ಸುತ್ತಿಗೆ ನಿಲ್ಲಿಸಿದರೆ ಚೂರುಪಾರು ತಪ್ಪುತ್ತದೆ. ಚಕ್ರದ ಹತ್ತು ಸುತ್ತಿಗೆ ಶಾಫ್ಟ್ 68 ಸುತ್ತು ತಿರುಗಿ, ಗೆರೆ ಇನ್ನೂ ಸ್ವಲ್ಪ ಮುಂದೆ ಹೋಯಿತು. ಅಂದರೆ 6.8ರ ಆಸುಪಾಸು. ಕವರ್ ಬಿಚ್ಚಿ ಕ್ರೌನ್ ಒರೆಸಿದಾಗ ಕೆತ್ತಿದ ಹಲ್ಲಿನ ಅಂಕಿ ಕಂಡಿತು: ಪಿನಿಯನ್‌ಗೆ 6, ಕ್ರೌನ್‌ಗೆ 41. 41ನ್ನು 6ರಿಂದ ಭಾಗಿಸಿದರೆ 6.83. ಪಿನಿಯನ್‌ಗೆ 7 ಹಲ್ಲಿದ್ದಿದ್ದರೆ 5.86 ಆಗುತ್ತಿತ್ತು, ಶಾಫ್ಟ್ 58 ದಾಟಿ ನಿಲ್ಲುತ್ತಿತ್ತು. ಹಬ್‌ನಲ್ಲೂ ಗೇರ್ ಇರುವ ಆಕ್ಸಲ್‌ಗೆ ಹಲ್ಲಿನ ಲೆಕ್ಕವೊಂದೇ ಸಾಲದು, ಚಕ್ರ ತಿರುಗಿಸಿದ ಲೆಕ್ಕವೇ ಖಚಿತ.

ಒಂದು ಹಲ್ಲಿನ ವ್ಯತ್ಯಾಸ ಸಣ್ಣದಲ್ಲ. ಒಂದು ಸುತ್ತಿಗೆ ಸುಮಾರು 3.2 ಮೀಟರ್ ಸಾಗುವ ಟೈರು, ನೇರ ಟಾಪ್ ಗೇರು, ಎಂಜಿನ್ ನಿಮಿಷಕ್ಕೆ 2,000 ಸುತ್ತು ಎಂದಿಟ್ಟುಕೊಳ್ಳಿ: 6.83ಕ್ಕೆ ಗಂಟೆಗೆ 56 ಕಿ.ಮೀ., 5.86ಕ್ಕೆ 66. ಮೈಸೂರು ರಸ್ತೆಯಲ್ಲಷ್ಟೇ ಓಡುವವರಿಗೆ ಎರಡನೆಯದು ಹಿತ, ಡೀಸೆಲ್ಲೂ ಉಳಿದೀತು. ಚಾಮರಾಜನಗರದ ಕರಿಕಲ್ಲು ಹೇರಿ ಪುಣಜನೂರು ದಾಟಿ ದಿಂಬಂನ 27 ತಿರುವು ಇಳಿಯುವವರಿಗೆ ನನ್ನ ಮಾತು ಮೊದಲನೆಯದರ ಪರ. ಅದು ಹತ್ತುವಾಗ ಎಳೆಯುತ್ತದೆ, ಇಳಿಯುವಾಗ ಎಂಜಿನ್ ಹಿಡಿತ ಹೆಚ್ಚಿಸಿ ಬ್ರೇಕ್ ಕಾಯದಂತೆ ನೋಡಿಕೊಳ್ಳುತ್ತದೆ.

ಈ ಗಾಡಿಗೆ 6–41ರ ಸೆಟ್ಟನ್ನೇ ಬರೆಸಿದರು. ಕ್ರೌನ್ ಒಂದು ಕಡೆಯದು, ಪಿನಿಯನ್ ಇನ್ನೊಂದು ಕಡೆಯದು ಆಗಬಾರದು; ಎರಡರ ಮೇಲೂ ಜೋಡಿ ನಂಬರ್ ಒಂದೇ ಇರುವುದನ್ನು ನೋಡಿಯೇ ದುಡ್ಡು ಕೊಡಿ ಎಂದು ಮಾಲೀಕರಿಗೆ ಹೇಳಿ ಕಳಿಸಿದರು.